ಸೂಜಿ ಚುಚ್ಚಿತೇ? ಬೆರಳು ಹಿಂಡಬೇಡಿ, ವಿಷಯ ಮುಚ್ಚಿಡಬೇಡಿ: ಮೊದಲ 2 ಗಂಟೆಯಲ್ಲಿ ಮಾಡಬೇಕಾದ್ದು ಇಷ್ಟು

"ಥಿಯೇಟರಿನ ಸೀಟಿನಲ್ಲಿ ಎಚ್‌ಐವಿ ಸೂಜಿ ಸಿಕ್ಕಿಸಿಟ್ಟಿದ್ದಾರೆ, ಕೂರುವ ಮೊದಲು ತಡವಿ ನೋಡಿ" ಎಂಬ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಮ್ಮೆಯಾದರೂ ಬಂದಿರಬಹುದು. ಊರಿನ ಹೆಸರು ಬದಲಾಗುತ್ತದೆ, ಕಥೆ ಅದೇ. ಹತ್ತಾರು ವರ್ಷಗಳಿಂದ ದೇಶ-ವಿದೇಶ ಸುತ್ತುತ್ತಿರುವ ಈ ಕಥೆ ಓದಿ ಹೆದರಿದವರು ಬಹಳ. ಆದರೆ ಹಾಗೆ ಸೀಟಿನ ಸೂಜಿ ಚುಚ್ಚಿ ಎಚ್‌ಐವಿ ಬಂದದ್ದು ಖಚಿತವಾದ ಉದಾಹರಣೆ ಇಲ್ಲ.

ಹಾಗಾದರೆ ರೋಗಿಯ ರಕ್ತವಿರುವ ಸೂಜಿ ನಿಜವಾಗಿ ಯಾರಿಗೆ ಚುಚ್ಚುತ್ತದೆ? ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನ ಸುಮಾರು 3.5 ಕೋಟಿ ಆರೋಗ್ಯ ಕಾರ್ಯಕರ್ತರಲ್ಲಿ ವರ್ಷಕ್ಕೆ ಸುಮಾರು 30 ಲಕ್ಷ ಜನರಿಗೆ ಸೂಜಿ ಅಥವಾ ಹರಿತವಾದ ಸಲಕರಣೆಯಿಂದ ಹೀಗೆ ಗಾಯವಾಗುತ್ತದೆ. ಅವರಲ್ಲಿ ಡಾಕ್ಟರು, ನರ್ಸು, ಲ್ಯಾಬ್ ಟೆಕ್ನಿಷಿಯನ್, ವಾರ್ಡ್ ಗುಡಿಸುವವರು ಎಲ್ಲರೂ ಇದ್ದಾರೆ. ಕೈ ಇನ್ನೂ ಪಳಗದ ವಿದ್ಯಾರ್ಥಿಗಳೂ ಇದ್ದಾರೆ.

ಉಡುಪಿ ಜಿಲ್ಲೆಯವರಿಗೆ ಇದು ದೂರದ ವಿಷಯವಲ್ಲ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭಿಸಿದ ಮೇಲೆ ಇಲ್ಲಿ ವೈದ್ಯಕೀಯ, ದಂತ ವೈದ್ಯಕೀಯ, ನರ್ಸಿಂಗ್, ಲ್ಯಾಬ್ ಕೋರ್ಸುಗಳೆಲ್ಲ ಬೆಳೆದವು. ಕಾಪು, ಕಾರ್ಕಳ, ಉಡುಪಿಯ ಎಷ್ಟೋ ಮನೆಗಳ ಮಕ್ಕಳು ಬಿಳಿ ಕೋಟು ಹಾಕಿಕೊಂಡು ವಾರ್ಡಿಗೆ ಹೋಗುತ್ತಾರೆ. ನಿಮ್ಮ ಮಗಳೋ, ತಂಗಿಯೋ, ಪಕ್ಕದ ಮನೆಯ ಹುಡುಗನೋ ಅವರಲ್ಲಿ ಒಬ್ಬರಾಗಿರಬಹುದು. ಈ ಲೇಖನ ಅವರಿಗಾಗಿ, ಮತ್ತು ಅವರ ಫೋನ್ ಬಂದಾಗ ಏನು ಹೇಳಬೇಕೆಂದು ತಿಳಿಯದೆ ಗಾಬರಿಯಾಗುವ ಮನೆಯವರಿಗಾಗಿ.

ಮೊದಲೇ ಒಂದು ಮಾತು. ಸೂಜಿ ಚುಚ್ಚಿದ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ತಡೆಯಬಹುದಾಗಿದ್ದ ಸೋಂಕನ್ನು ತಡೆಯಲಾಗದಂತೆ ಮಾಡುವುದು ಚುಚ್ಚಿದ ವಿಷಯವನ್ನು ಮುಚ್ಚಿಡುವ ಅಭ್ಯಾಸ. ಯಾಕೆ ಎಂದು ಒಂದೊಂದಾಗಿ ನೋಡೋಣ.

ಮೊದಲ ಐದು ನಿಮಿಷ ಏನು ಮಾಡಬೇಕು?

ರಾತ್ರಿ ಹನ್ನೊಂದು ಗಂಟೆ, ವಾರ್ಡಿನಲ್ಲಿ ರಕ್ತ ತೆಗೆದು ಸೂಜಿಗೆ ಕ್ಯಾಪ್ ಹಾಕಲು ಹೋದ ವಿದ್ಯಾರ್ಥಿನಿಯ ಎಡಗೈ ಹೆಬ್ಬೆರಳಿಗೆ ಅದೇ ಸೂಜಿ ಚುಚ್ಚಿತು ಎಂದುಕೊಳ್ಳಿ. ಗ್ಲೌಸ್ ಒಳಗೆ ಒಂದು ಕೆಂಪು ಚುಕ್ಕೆ. ಆಗ ಅವಳು ಮಾಡಬೇಕಾದ್ದು ಬಹಳ ಸರಳ.

ಸೂಜಿಯನ್ನು ಬೇರೆಯವರಿಗೆ ತಗುಲದಂತೆ ಸೂಜಿ ಹಾಕುವ ಡಬ್ಬಕ್ಕೆ ಹಾಕಬೇಕು. ಗ್ಲೌಸ್ ತೆಗೆದು, ನಲ್ಲಿಯಲ್ಲಿ ಹರಿಯುವ ನೀರಿನ ಕೆಳಗೆ ಮಾಮೂಲಿ ಸೋಪಿನಿಂದ ಗಾಯ ತೊಳೆಯಬೇಕು. ಅಷ್ಟೇ. ಆಮೇಲೆ ಡ್ಯೂಟಿ ಡಾಕ್ಟರಿಗೋ ಸಿಸ್ಟರಿಗೋ ಆಗಲೇ ಹೇಳಬೇಕು.

ರೋಗಿಯ ರಕ್ತ ಕಣ್ಣಿಗೆ ಚಿಮ್ಮಿದರೆ ಶುದ್ಧ ನೀರು ಅಥವಾ ಸಲೈನಿನಿಂದ ಕಣ್ಣನ್ನು ಚೆನ್ನಾಗಿ ತೊಳೆಯಬೇಕು. ಕುರ್ಚಿಯಲ್ಲಿ ಕುಳಿತು ತಲೆ ಹಿಂದಕ್ಕೆ ಬಾಗಿಸಿ, ಇನ್ನೊಬ್ಬರಿಂದ ಮೆಲ್ಲಗೆ ನೀರು ಹೊಯ್ಯಿಸಿಕೊಂಡರೆ ಸುಲಭ. ಕಾಂಟ್ಯಾಕ್ಟ್ ಲೆನ್ಸ್ ಹಾಕಿದ್ದರೆ ಮೊದಲು ಲೆನ್ಸ್ ಇದ್ದಂತೆಯೇ ತೊಳೆದು, ಆಮೇಲೆ ಲೆನ್ಸ್ ತೆಗೆಯಬೇಕು. ಕಣ್ಣಿಗೆ ಸೋಪು ಬೇಡ. ಬಾಯಿಗೆ ಬಿದ್ದರೆ ಉಗಿದು, ನೀರಿನಿಂದ ಹಲವು ಸಲ ಮುಕ್ಕಳಿಸಬೇಕು.

ನಂಬಿಕೆ 1: ಹಿಂಡಿ ರಕ್ತ ಹರಿಸಿದರೆ ವಿಷ ಹೊರಗೆ ಹೋಗುತ್ತದೆ

ಇಲ್ಲ. ಹಾವು ಕಚ್ಚಿದಾಗ ಗಾಯ ಕೊಯ್ದು ರಕ್ತ ಹರಿಸುವ ಹಳೆಯ ತಪ್ಪು ತಿಳಿವಳಿಕೆಯೇ ಇಲ್ಲೂ ಕೆಲಸ ಮಾಡುತ್ತದೆ. ಬೆರಳನ್ನು ಹಿಂಡಿದರೆ ವೈರಸ್ ಹೊರಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಹಿಂಡಿದಾಗ ಅಲ್ಲಿನ ಚರ್ಮ, ಮಾಂಸ ಇನ್ನಷ್ಟು ನಜ್ಜುಗುಜ್ಜಾಗುತ್ತದೆ, ಅಷ್ಟೇ. ತಾನಾಗಿ ರಕ್ತ ಬರುತ್ತಿದ್ದರೆ ಬರಲಿ, ಹಿಂಡಬೇಡಿ.

ನಂಬಿಕೆ 2: ಡೆಟಾಲ್, ಸ್ಪಿರಿಟ್ ಹಾಕಿದರೆ ವೈರಸ್ ಸಾಯುತ್ತದೆ

ಆಸ್ಪತ್ರೆಯ ಟೇಬಲ್ ಒರೆಸುವ ಬ್ಲೀಚಿಂಗ್ ದ್ರಾವಣವನ್ನು ಗಾಯಕ್ಕೆ ಸುರಿದುಕೊಳ್ಳುವವರೂ ಇದ್ದಾರೆ. ಬ್ಲೀಚ್, ಸ್ಪಿರಿಟ್, ಅಯೋಡಿನ್ ಯಾವುದೂ ಬೇಡ ಎಂದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ತನ್ನ ಮಾರ್ಗಸೂಚಿಯಲ್ಲಿ ಹೇಳುತ್ತದೆ. ಇವು ಚರ್ಮವನ್ನು ಸುಡುತ್ತವೆ. ಸುಟ್ಟ ಚರ್ಮ ವೈರಸ್ಸಿಗೆ ಇನ್ನೂ ಸುಲಭದ ಬಾಗಿಲು. ಸೋಪು-ನೀರು ಸಾಕು.

ನಂಬಿಕೆ 3: ಬೆರಳು ಬಾಯಿಗಿಟ್ಟು ಚೀಪಿದರೆ ಒಳ್ಳೆಯದು

ಅಡುಗೆಮನೆಯಲ್ಲಿ ಚಾಕು ತಗುಲಿದಾಗ ಬೆರಳು ತಾನಾಗಿ ಬಾಯಿಗೆ ಹೋಗುತ್ತದೆ. ವಾರ್ಡಿನಲ್ಲಿ ಇದು ಅಪಾಯ. ಬೆರಳಿನ ಮೇಲಿರುವ ರೋಗಿಯ ರಕ್ತವನ್ನು ನಾವೇ ಬಾಯಿಯ ತೆಳು ಪೊರೆಗೆ ಹಚ್ಚಿದಂತಾಗುತ್ತದೆ.

ಯಾವ ದ್ರವಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

ಗಂಭೀರವಾಗಿ ತೆಗೆದುಕೊಳ್ಳಬೇಕಾದವು: ರಕ್ತ, ರಕ್ತ ಬೆರೆತ ಯಾವುದೇ ದ್ರವ, ವೀರ್ಯ, ಯೋನಿ ಸ್ರಾವ, ಹೆರಿಗೆಯ ವೇಳೆ ಒಡೆಯುವ ಗರ್ಭದ ನೀರು, ಬೆನ್ನಿನಿಂದ ಪರೀಕ್ಷೆಗೆ ತೆಗೆಯುವ ನೀರು, ಶ್ವಾಸಕೋಶ ಮತ್ತು ಹೃದಯದ ಸುತ್ತ, ಹೊಟ್ಟೆಯಲ್ಲಿ, ಕೀಲುಗಳಲ್ಲಿ ಇರುವ ದ್ರವ.

ಬೆವರು, ಕಣ್ಣೀರು, ಮೂತ್ರ, ಮಲ, ವಾಂತಿ, ಎಂಜಲು, ಮೂಗಿನ ಸಿಂಬಳ ಇವುಗಳಲ್ಲಿ ರಕ್ತ ಕಾಣದಿದ್ದರೆ ಎಚ್‌ಐವಿ ಹರಡುವ ಚಿಂತೆ ಇಲ್ಲ. ಹಲ್ಲಿನ ಚಿಕಿತ್ಸೆಯ ವೇಳೆ ಎಂಜಲಿನಲ್ಲಿ ರಕ್ತ ಬೆರೆತೇ ಇರುವುದರಿಂದ ದಂತ ವಿದ್ಯಾರ್ಥಿಗಳು ಮಾತ್ರ ಅದನ್ನು ರಕ್ತದಂತೆಯೇ ಪರಿಗಣಿಸಬೇಕು.

ಇನ್ನೊಂದು ಮುಖ್ಯ ವಿಷಯ. ಗಾಯವಿಲ್ಲದ ಗಟ್ಟಿ ಚರ್ಮದ ಮೇಲೆ ರಕ್ತ ಬಿದ್ದರೆ ತೊಳೆದುಕೊಂಡರೆ ಸಾಕು. ಚರ್ಮ ಒಡೆದಿದ್ದರೆ, ಕಜ್ಜಿ ಅಥವಾ ಹಸಿ ಗಾಯ ಇದ್ದರೆ ಆಗ ಅದು ವರದಿ ಮಾಡಬೇಕಾದ ಘಟನೆ.

ಅಪಾಯ ನಿಜವಾಗಿ ಎಷ್ಟು?

ಸೂಜಿ ಚುಚ್ಚಿದ ಕೂಡಲೇ ಎಲ್ಲರ ತಲೆಗೆ ಬರುವುದು ಎಚ್‌ಐವಿ ಒಂದೇ. ಆದರೆ ರಕ್ತದಿಂದ ಹರಡುವ ಮೂರು ಮುಖ್ಯ ವೈರಸ್‌ಗಳಲ್ಲಿ ಎಚ್‌ಐವಿ ಸೂಜಿಯಿಂದ ಹರಡುವುದು ಹೆಪಟೈಟಿಸ್ ಬಿಗಿಂತ ಬಹಳ ಕಷ್ಟ. ರೋಗಿಗೆ ಆ ಸೋಂಕು ಇದ್ದೇ ಇದೆ ಎಂದಿಟ್ಟುಕೊಂಡರೂ ಲೆಕ್ಕ ಹೀಗಿದೆ:

- ಹೆಪಟೈಟಿಸ್ ಬಿ: ಲಸಿಕೆ ಪಡೆಯದವರಲ್ಲಿ 100 ಚುಚ್ಚುಗಳಿಗೆ 6ರಿಂದ 30
- ಹೆಪಟೈಟಿಸ್ ಸಿ: ಹಳೆಯ ಅಧ್ಯಯನಗಳಲ್ಲಿ 100ಕ್ಕೆ ಸುಮಾರು 2; ಈಚಿನ ಅಧ್ಯಯನಗಳಲ್ಲಿ ಇನ್ನೂ ಬಹಳ ಕಡಿಮೆ
- ಎಚ್‌ಐವಿ: 1000 ಚುಚ್ಚುಗಳಿಗೆ ಸುಮಾರು 3

ಅಂದರೆ ಎಚ್‌ಐವಿ ಇರುವ ರೋಗಿಯ ರಕ್ತದ ಸೂಜಿಯೇ ಚುಚ್ಚಿದರೂ, ಮಾತ್ರೆ ತೆಗೆದುಕೊಳ್ಳದಿದ್ದರೂ, 1000ದಲ್ಲಿ ಸುಮಾರು 997 ಸಲ ಸೋಂಕು ಬರುವುದಿಲ್ಲ. ಕಣ್ಣು, ಬಾಯಿಗೆ ರಕ್ತ ಚಿಮ್ಮಿದಾಗ ಅಪಾಯ ಇದಕ್ಕಿಂತಲೂ ಕಡಿಮೆ, 1000ಕ್ಕೆ 1ರಷ್ಟು.

ಎಲ್ಲ ಚುಚ್ಚುಗಳೂ ಒಂದೇ ಅಲ್ಲ. ರಕ್ತ ತೆಗೆಯುವ ಪೊಳ್ಳು ಸೂಜಿಯೊಳಗೆ ರಕ್ತ ಉಳಿದಿರುತ್ತದೆ. ಹೊಲಿಗೆ ಹಾಕುವ ಗಟ್ಟಿ ಸೂಜಿಯಲ್ಲಿ ಅಷ್ಟು ಇರುವುದಿಲ್ಲ. ಗಾಯ ಆಳವಾಗಿದ್ದರೆ, ಸೂಜಿಯ ಮೇಲೆ ರಕ್ತ ಕಾಣುತ್ತಿದ್ದರೆ, ಅದು ರೋಗಿಯ ರಕ್ತನಾಳದೊಳಗೆ ಹೋಗಿ ಬಂದದ್ದಾಗಿದ್ದರೆ ಅಪಾಯ ಹೆಚ್ಚು. ಆದ್ದರಿಂದ ಡಾಕ್ಟರು ಕೇಳಿದಾಗ "ಸೂಜಿ ಚುಚ್ಚಿತು" ಎಂದಷ್ಟೇ ಹೇಳಬೇಡಿ. ಯಾವ ಸೂಜಿ, ಎಷ್ಟು ಆಳ, ಎಷ್ಟು ಹೊತ್ತಿಗೆ ಎಂದು ಹೇಳಿ.

ಹೆದರಬೇಕಾದ್ದಕ್ಕೆ ಹೆದರುತ್ತಿಲ್ಲವೇ?

ಮೇಲಿನ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿಗೇ ಮರಳಿ ಬರೋಣ. 2000ನೇ ಇಸವಿಯಲ್ಲಿ ಹೀಗೆ ಗಾಯಗೊಂಡ ಆರೋಗ್ಯ ಕಾರ್ಯಕರ್ತರಲ್ಲಿ ಸುಮಾರು 66,000 ಮಂದಿಗೆ ಹೆಪಟೈಟಿಸ್ ಬಿ, 16,000 ಮಂದಿಗೆ ಹೆಪಟೈಟಿಸ್ ಸಿ ತಗುಲಿರಬಹುದು. ಎಚ್‌ಐವಿ ತಗುಲಿದವರು ಸುಮಾರು 1000. ಹೆಪಟೈಟಿಸ್ ಬಿ ಮುಂದೆ ಯಕೃತ್ತನ್ನು ಹಾಳುಮಾಡಬಲ್ಲದು, ಕ್ಯಾನ್ಸರಿಗೂ ಕಾರಣವಾಗಬಲ್ಲದು. ಇದರ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಬದುಕಿರುತ್ತದೆ.

ಹಾಗಿದ್ದೂ ಇದಕ್ಕೆ ಅಷ್ಟು ಭಯವಿಲ್ಲ, ಯಾಕೆಂದರೆ ಇದರ ಬಗ್ಗೆ ಫಾರ್ವರ್ಡ್ ಬರುವುದಿಲ್ಲ. ಈ ಮೂರರಲ್ಲಿ ಲಸಿಕೆ ಇರುವುದು ಇದಕ್ಕೊಂದಕ್ಕೇ. ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ 'ಆಂಟಿ-ಎಚ್‌ಬಿಎಸ್' ಎಂಬ ರಕ್ತ ಪರೀಕ್ಷೆ ಮಾಡಿಸಿ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನಿಮಗೆ ರಕ್ಷಣೆ ಸಿಕ್ಕಿದೆ ಎಂದರ್ಥ.

"ಮಗುವಾಗಿದ್ದಾಗ ಎಲ್ಲ ಲಸಿಕೆ ಹಾಕಿಸಿದ್ದೇವೆ" ಎನ್ನುವ ಪೋಷಕರು ಒಮ್ಮೆ ಹಳೆಯ ಕಾರ್ಡು ತೆಗೆದು ನೋಡಿ. ಸರ್ಕಾರದ ಲಸಿಕೆ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ದೇಶದ ಎಲ್ಲೆಡೆ ಸೇರಿದ್ದು 2011ರಲ್ಲಿ. ಇಂದು ಎಂಬಿಬಿಎಸ್, ನರ್ಸಿಂಗ್ ಓದುತ್ತಿರುವವರು ಅದಕ್ಕೂ ಮೊದಲೇ ಹುಟ್ಟಿದವರು. ಖಾಸಗಿಯಾಗಿ ಹಾಕಿಸಿದ್ದರೆ ಸರಿ, ಇಲ್ಲದಿದ್ದರೆ ವಾರ್ಡಿಗೆ ಕಾಲಿಡುವ ಮೊದಲೇ ಹಾಕಿಸಿ.

ಲಸಿಕೆ ಆಗದವರಿಗೆ ಸೂಜಿ ಚುಚ್ಚಿದರೆ? ಆಗಲೂ ದಾರಿ ಇದೆ. ಲಸಿಕೆ ಶುರುಮಾಡುವುದರ ಜೊತೆಗೆ, ರೋಗಿಗೆ ಹೆಪಟೈಟಿಸ್ ಬಿ ಇದ್ದರೆ ಸಿದ್ಧ ಪ್ರತಿಕಾಯಗಳಿರುವ ಇಮ್ಯುನೋಗ್ಲಾಬ್ಯುಲಿನ್ ಇಂಜೆಕ್ಷನ್ ಕೊಡುತ್ತಾರೆ. ಇದು 24 ಗಂಟೆಯೊಳಗೆ ಸಿಕ್ಕರೆ ಉತ್ತಮ, 7 ದಿನದ ನಂತರ ಹೆಚ್ಚು ಪ್ರಯೋಜನವಿಲ್ಲ.

2 ಗಂಟೆ, 72 ಗಂಟೆ, 28 ದಿನ: ಎಚ್‌ಐವಿ ತಡೆಯುವ ಮಾತ್ರೆಯ ಲೆಕ್ಕ

ಸೂಜಿ ಚುಚ್ಚಿದ ಮೇಲೂ ಎಚ್‌ಐವಿ ತಡೆಯಲು ತೆಗೆದುಕೊಳ್ಳುವ ಮಾತ್ರೆಗಳಿಗೆ ಆಸ್ಪತ್ರೆಯಲ್ಲಿ 'ಪೆಪ್' ಎನ್ನುತ್ತಾರೆ. ದೇಹಕ್ಕೆ ಹೊಕ್ಕ ವೈರಸ್ ಚುಚ್ಚಿದ ಜಾಗದ ಕಣಗಳಲ್ಲಿ ಮೊದಲು ಬೀಡುಬಿಟ್ಟು, ಆಮೇಲೆ ಒಂದೆರಡು ದಿನಗಳಲ್ಲಿ ದೇಹದ ಉಳಿದೆಡೆ ಹರಡುತ್ತದೆ. ಆ ಸಣ್ಣ ಅವಧಿಯಲ್ಲೇ ಮಾತ್ರೆ ಅದನ್ನು ಕಟ್ಟಿಹಾಕಬೇಕು. ಹೀಗಾಗಿ ಮೊದಲ ಡೋಸ್ 2 ಗಂಟೆಯೊಳಗೆ ಆದರೆ ಅತ್ಯುತ್ತಮ. 72 ಗಂಟೆ ಕಳೆದ ಮೇಲೆ ಶುರುಮಾಡುವುದಿಲ್ಲ. ಶುರುಮಾಡಿದವರು 28 ದಿನ ಪೂರ್ತಿ ತೆಗೆದುಕೊಳ್ಳಬೇಕು.

ಇದು ಕೆಲಸ ಮಾಡುತ್ತದೆಯೇ? ಹೌದು. 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಂದಿನ ಹಳೆಯ ಔಷಧಿ ಜಿಡೋವುಡಿನ್ ಒಂದೇ ಸೋಂಕಿನ ಸಾಧ್ಯತೆಯನ್ನು ಸುಮಾರು 81%ರಷ್ಟು ತಗ್ಗಿಸಿದ್ದು ಕಂಡುಬಂತು. ಈಗ ನಮ್ಮಲ್ಲಿ ಕೊಡುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಿ. ಸಾಮಾನ್ಯವಾಗಿ ಮೂರೂ ಸೇರಿದ ಒಂದೇ ಮಾತ್ರೆ, ದಿನಕ್ಕೊಮ್ಮೆ.

ಎಲ್ಲರಿಗೂ ಪೆಪ್ ಬೇಕಾಗುವುದಿಲ್ಲ. ರೋಗಿಗೆ ಎಚ್‌ಐವಿ ಇಲ್ಲ ಎಂದು ಗೊತ್ತಾದರೆ ಬೇಡ. ಆದರೆ ರಿಪೋರ್ಟ್ ಬರಲಿ ಎಂದು ನಾಳೆ ಬೆಳಗಿನವರೆಗೆ ಕಾಯುವುದು ಸರಿಯಲ್ಲ. ಸಂಶಯವಿದ್ದರೆ ಮೊದಲ ಡೋಸ್ ತೆಗೆದುಕೊಂಡು, ರಿಪೋರ್ಟ್ ನೆಗೆಟಿವ್ ಬಂದ ಮೇಲೆ ಡಾಕ್ಟರ ಸಲಹೆಯಂತೆ ನಿಲ್ಲಿಸಬಹುದು.

ನೆನಪಿಡಬೇಕಾದ ಕೆಲವು ವಿಷಯ:

- ಮೊದಲ ಕೆಲವು ದಿನ ವಾಕರಿಕೆ, ತಲೆನೋವು, ನಿದ್ರೆಗೇಡು ಆಗಬಹುದು. ಅದಕ್ಕೆಂದು ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರಿಗೆ ತಿಳಿಸಿ.
- ಗ್ಯಾಸ್ಟ್ರಿಕ್‌ಗೆ ಕುಡಿಯುವ ಆಂಟಾಸಿಡ್, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಡೊಲುಟೆಗ್ರಾವಿರ್ ಹೀರಿಕೆಯನ್ನು ಕಡಿಮೆ ಮಾಡುತ್ತವೆ. ಯಾವುದಕ್ಕೆ ಎಷ್ಟು ಗಂಟೆ ಅಂತರ ಎಂದು ಕೇಳಿಕೊಳ್ಳಿ.
- ಗರ್ಭಿಣಿಯಾಗಿದ್ದರೆ, ಮೂತ್ರಪಿಂಡದ ತೊಂದರೆ ಅಥವಾ ಹೆಪಟೈಟಿಸ್ ಬಿ ಇದ್ದರೆ ಮೊದಲೇ ಹೇಳಿ.
- ಚುಚ್ಚಿದ ದಿನವೇ ನಿಮ್ಮ ರಕ್ತ ಪರೀಕ್ಷೆ ಆಗಬೇಕು. ಆಮೇಲೆ 6 ವಾರ, 3 ತಿಂಗಳು, 6 ತಿಂಗಳಿಗೆ ಮತ್ತೆ. ಕೊನೆಯ ರಿಪೋರ್ಟ್ ಬರುವವರೆಗೆ ರಕ್ತದಾನ ಬೇಡ. ವಿವಾಹಿತರು, ಸಂಗಾತಿ ಇರುವವರು ಕಾಂಡೋಮ್ ಬಳಸಬೇಕು.

ಹೆಪಟೈಟಿಸ್ ಸಿಗೆ ಲಸಿಕೆಯೂ ಇಲ್ಲ, ಪೆಪ್ ಕೂಡ ಇಲ್ಲ. ಆದರೆ ಪರೀಕ್ಷೆಯಲ್ಲಿ ಬೇಗ ಗೊತ್ತಾದರೆ ಸಾಮಾನ್ಯವಾಗಿ 12 ವಾರದ ಮಾತ್ರೆಯಲ್ಲಿ 95%ಕ್ಕೂ ಹೆಚ್ಚು ಜನರಿಗೆ ಪೂರ್ತಿ ಗುಣವಾಗುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಈ ಚಿಕಿತ್ಸೆ ಉಚಿತ.

ಎಲ್ಲಿಗೆ ಹೋಗಬೇಕು?

ದೊಡ್ಡ ಆಸ್ಪತ್ರೆಯಲ್ಲಿದ್ದರೆ ಅಲ್ಲಿನ ಕ್ಯಾಶುಯಾಲ್ಟಿ ಅಥವಾ ಸೋಂಕು ನಿಯಂತ್ರಣ ವಿಭಾಗಕ್ಕೆ, ರಾತ್ರಿಯಾದರೂ ಆಗಲೇ ಹೋಗಿ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಪೋಸ್ಟಿಂಗ್ ಇದ್ದು ಅಲ್ಲಿ ಮಾತ್ರೆ ಇಲ್ಲದಿದ್ದರೆ ಸಮಯ ಕಳೆಯದೆ ಹೊರಡಬೇಕು. ಕಾಪುವಿನಿಂದ ಉಡುಪಿಗೆ ಅರ್ಧ ಗಂಟೆ, ಕಾರ್ಕಳದಿಂದ ಒಂದು-ಒಂದೂಕಾಲು ಗಂಟೆಯ ದಾರಿ. ಕೂಡಲೇ ಹೊರಟರೆ 2 ಗಂಟೆಯೊಳಗೆ ತಲುಪಬಹುದು. "ಡ್ಯೂಟಿ ಮುಗಿಯಲಿ" ಎಂದು ಕುಳಿತರೆ ಆಗುವುದಿಲ್ಲ. ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ಎಆರ್‌ಟಿ ಕೇಂದ್ರವಿದೆ. ಮಾಹಿತಿಗೆ ಉಚಿತ ಸಹಾಯವಾಣಿ 1097.

ಹೇಳಿಕೊಳ್ಳಲು ಭಯ ಯಾಕೆ?

ಚುಚ್ಚಿದ ವಿದ್ಯಾರ್ಥಿಯ ತಲೆಯಲ್ಲಿ ಓಡುವುದು ಇದು: ಸೀನಿಯರ್ ಬೈದರೆ? ಹಾಸ್ಟೆಲಿನಲ್ಲಿ ಎಲ್ಲರಿಗೂ ಗೊತ್ತಾದರೆ? ಇಂಟರ್ನಲ್ ಮಾರ್ಕ್ಸ್ ಕಡಿಮೆಯಾದರೆ? ಮನೆಯಲ್ಲಿ ಅಮ್ಮ ಅಳಲು ಶುರುಮಾಡಿದರೆ? ಹೀಗೆ ಯೋಚಿಸುತ್ತಾ ಬೆಳಗಾಗುತ್ತದೆ. ಪೆಪ್‌ಗೆ ಬೇಕಾದ ಸಮಯ ಹೋಗುವುದು ಹೀಗೆಯೇ.

ಕಾನೂನು ಇಲ್ಲಿ ವಿದ್ಯಾರ್ಥಿಯ ಕಡೆಗಿದೆ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ, ಆರೋಗ್ಯ ಸೇವೆ ನೀಡುವ ಸಂಸ್ಥೆಯು ಅಲ್ಲಿ ಕೆಲಸ ಮಾಡುತ್ತಾ ಸೋಂಕಿಗೆ ಒಡ್ಡಿಕೊಳ್ಳಬಹುದಾದವರಿಗೆಲ್ಲ ರಕ್ಷಣಾ ಸಾಮಗ್ರಿ, ತರಬೇತಿ ಮತ್ತು ಪೆಪ್ ಒದಗಿಸಬೇಕು. ನ್ಯಾಕೋ ಮಾರ್ಗಸೂಚಿಯ ಪಟ್ಟಿಯಲ್ಲಿ ವೈದ್ಯಕೀಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳೂ ಸೇರಿದ್ದಾರೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಇಂಥ ತ್ಯಾಜ್ಯ ಮುಟ್ಟುವವರಿಗೆಲ್ಲ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವ ಹೊಣೆಯನ್ನು ಆಸ್ಪತ್ರೆಗೆ ಕೊಟ್ಟಿವೆ. ಘಟನೆ ದಾಖಲಾಗಿದ್ದರೆ ಮುಂದೆ ಏನಾದರೂ ತೊಂದರೆ ಬಂದಾಗ ಅದು ಕೆಲಸದ ವೇಳೆ ಆದದ್ದು ಎಂಬುದಕ್ಕೆ ನಿಮ್ಮ ಕೈಯಲ್ಲಿ ಆಧಾರವಿರುತ್ತದೆ.

ಅದೇ ಕಾಯ್ದೆ ರೋಗಿಯ ಕಡೆಗೂ ಇದೆ. ರೋಗಿಯ ಒಪ್ಪಿಗೆ ಪಡೆದೇ ಎಚ್‌ಐವಿ ಪರೀಕ್ಷೆ ಮಾಡಬೇಕು. "ನಮ್ಮ ಹುಡುಗಿಗೆ ಸೂಜಿ ಚುಚ್ಚಿದೆ, ನಿಮ್ಮ ರಕ್ತ ಪರೀಕ್ಷೆ ಮಾಡಬಹುದೇ?" ಎಂದು ಸೌಜನ್ಯದಿಂದ ಕೇಳಿದರೆ ಒಪ್ಪುವವರೇ ಹೆಚ್ಚು. ಕೇಳುವ ಕೆಲಸ ಚುಚ್ಚಿಸಿಕೊಂಡವರದ್ದಲ್ಲ, ಡ್ಯೂಟಿ ಡಾಕ್ಟರದ್ದು. ರೋಗಿಯ ರಿಪೋರ್ಟನ್ನು ಫೋಟೋ ತೆಗೆದು ಗ್ರೂಪಿಗೆ ಹಾಕುವುದು ಅಪರಾಧ.

ಮನೆಯವರು ಏನು ಮಾಡಬಹುದು?

ಫೋನ್ ಬಂದಾಗ "ನೋಡಿಕೊಂಡು ಮಾಡಲು ಆಗಲಿಲ್ಲವೇ?" ಎಂದು ಶುರುಮಾಡಬೇಡಿ. ಮೂರು ಪ್ರಶ್ನೆ ಸಾಕು: ತೊಳೆದುಕೊಂಡೆಯಾ? ಡಾಕ್ಟರಿಗೆ ಹೇಳಿದೆಯಾ? ಮೊದಲ ಮಾತ್ರೆ ಆಯಿತಾ? ಮಗು 28 ದಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದಕ್ಕೆ ರೋಗ ಬಂದಿದೆ ಎಂದಲ್ಲ, ಬರದಿರಲಿ ಎಂದು. ತಟ್ಟೆ, ಲೋಟ, ಬಚ್ಚಲು ಬೇರೆ ಮಾಡುವ ಅಗತ್ಯವಿಲ್ಲ. ಒಟ್ಟಿಗೆ ಕುಳಿತು ಊಟ ಮಾಡಬಹುದು.

ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಅಜ್ಜ-ಅಜ್ಜಿ ಇದ್ದರೆ ಇನ್ನೊಂದು ಮಾತು. ಬಳಸಿದ ಸೂಜಿಯನ್ನು ಹಾಗೆಯೇ ಕಸದ ಚೀಲಕ್ಕೆ ಹಾಕಬೇಡಿ. ಕಸ ವಿಂಗಡಿಸುವ ಪೌರಕಾರ್ಮಿಕರ ಕೈಗೆ ಚುಚ್ಚುವುದು ಆ ಸೂಜಿಯೇ. ಮುಚ್ಚಳವಿರುವ ದಪ್ಪ ಪ್ಲಾಸ್ಟಿಕ್ ಡಬ್ಬದಲ್ಲಿ ಕೂಡಿಟ್ಟು, ಎಲ್ಲಿಗೆ ಕೊಡಬೇಕೆಂದು ಹತ್ತಿರದ ಆಸ್ಪತ್ರೆಯಲ್ಲಿ ಕೇಳಿ.

ಚುಚ್ಚದಂತೆ ನೋಡಿಕೊಳ್ಳುವುದು ಹೇಗೆ?

ಎರಡೂ ಕೈ ಬಳಸಿ ಸೂಜಿಗೆ ಮತ್ತೆ ಕ್ಯಾಪ್ ಹಾಕುವುದನ್ನು ಬಿಟ್ಟರೆ ಅಪಘಾತದ ಒಂದು ದೊಡ್ಡ ಕಾರಣ ಹೋದಂತೆ. ಹಾಕಲೇಬೇಕಾದಾಗ ಕ್ಯಾಪನ್ನು ಟ್ರೇಯಲ್ಲಿ ಇಟ್ಟು, ಒಂದೇ ಕೈಯಲ್ಲಿ ಸೂಜಿಯಿಂದ ಅದನ್ನು ಎತ್ತಿಕೊಳ್ಳಿ. ಸೂಜಿಗಾಗಿ ಇರುವ, ಚುಚ್ಚಿದರೂ ತೂತಾಗದ ಬಿಳಿ ಡಬ್ಬವನ್ನು ರಕ್ತ ತೆಗೆಯುವ ಮೊದಲೇ ಪಕ್ಕದಲ್ಲಿಟ್ಟುಕೊಳ್ಳಿ. ಮುಕ್ಕಾಲು ತುಂಬಿದ ಡಬ್ಬಕ್ಕೆ ತುರುಕಬೇಡಿ. ಬ್ಲೇಡ್, ಹೊಲಿಗೆ ಸೂಜಿಯನ್ನು ಕೈಯಿಂದ ಕೈಗೆ ಕೊಡದೆ ಟ್ರೇಯಲ್ಲಿಟ್ಟು ದಾಟಿಸಿ. ಹೆರಿಗೆ ಕೋಣೆಯಲ್ಲಿ ಕನ್ನಡಕ, ಮುಚ್ಚಿದ ಚಪ್ಪಲಿ ಇರಲಿ. ಗ್ಲೌಸ್ ಸೂಜಿಯನ್ನು ತಡೆಯುವುದಿಲ್ಲ, ಆದರೆ ಸೂಜಿ ಅದರ ಮೂಲಕ ಹಾದುಬರುವಾಗ ಹೊರಗಿನ ರಕ್ತ ಸ್ವಲ್ಪ ಒರೆಸಿಹೋಗುತ್ತದೆ. ರೋಗಿ ಅತ್ತಿತ್ತ ಅಲುಗಾಡುತ್ತಿದ್ದರೆ "ಸಹಾಯಕ್ಕೆ ಒಬ್ಬರು ಬನ್ನಿ" ಎಂದು ಕರೆಯಲು ನಾಚಿಕೆ ಬೇಡ. ಈ ಎಚ್ಚರ ಎಲ್ಲ ರೋಗಿಗಳಿಗೂ ಒಂದೇ. ಮುಖ ನೋಡಿ ಯಾರಿಗೆ ಯಾವ ಸೋಂಕಿದೆ ಎಂದು ಹೇಳಲಾಗದು.

ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ

ಆಸ್ಪತ್ರೆಯಲ್ಲಿ ಓದುವ, ಕೆಲಸ ಮಾಡುವ ಯಾರಾದರೂ ನಿಮ್ಮ ಗ್ರೂಪಿನಲ್ಲಿದ್ದರೆ ಈ ಆರು ಸಾಲು ಕಳಿಸಿ:

1. ಸೂಜಿ ಚುಚ್ಚಿದರೆ ಸೋಪು ಮತ್ತು ಹರಿಯುವ ನೀರಿನಿಂದ ತೊಳೆಯಿರಿ.
2. ಹಿಂಡಬೇಡಿ, ಚೀಪಬೇಡಿ, ಸ್ಪಿರಿಟ್-ಬ್ಲೀಚ್ ಹಾಕಬೇಡಿ.
3. ಡ್ಯೂಟಿ ಡಾಕ್ಟರಿಗೆ ಕೂಡಲೇ ಹೇಳಿ, ದಾಖಲು ಮಾಡಿಸಿ.
4. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 2 ಗಂಟೆಯೊಳಗೆ ಉತ್ತಮ, 72 ಗಂಟೆ ಕೊನೆಯ ಗಡಿ, 28 ದಿನ ಪೂರ್ತಿ.
5. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಆಗಿದೆಯೇ ಎಂದು ಇಂದೇ ನೋಡಿಕೊಳ್ಳಿ.
6. ಸಂಶಯವಿದ್ದರೆ 1097ಕ್ಕೆ ಕರೆ ಮಾಡಿ.